ಕಾಲು ನೋಡಿ ನೀಡಿದವಳು

ಭೀಮಾ ನದಿಯ ನೀರು ಎರಡೂ ದಂಡೆಗೆ ಒಂದೇ. ಅದನ್ನು ಕುಡಿದವರ ಸ್ವಭಾವ ಮಾತ್ರ ಒಂದೇ ಅಲ್ಲ. ಜೇವರ್ಗಿ ಕಡೆಯ ಕೊಳಕೂರಿನಲ್ಲಿ ಹುಟ್ಟಿ, ಹೊಳೆ ದಾಟಿ ಗಾಣಗಾಪುರಕ್ಕೆ ಸೊಸೆಯಾಗಿ ಬಂದ ಅನುರಾಧಾಳಿಗೆ ಇದು ಮದುವೆಯಾದ ಹೊಸತರಲ್ಲೇ ತಿಳಿದುಹೋಗಿತ್ತು. ಅವಳ ತವರಿನಲ್ಲಿ ಗುರುತಿಲ್ಲದವನೊಬ್ಬ ಊರೊಳಗೆ ಕಾಲಿಟ್ಟರೆ ಸಾಕು, ಕಟ್ಟೆಯ ಮೇಲೆ ಕೂತವರು ಅವನ ಜನ್ಮ ಜಾಲಾಡಿಬಿಡುತ್ತಾರೆ. ಯಾವೂರು, ಯಾರ ಪೈಕಿ, ಯಾರ ಮನೆಗೆ, ಯಾಕೆ ಬಂದದ್ದು? ಇಷ್ಟಕ್ಕೂ ಉತ್ತರ ಕೊಟ್ಟ ಮೇಲೆ ಒಂದು ಚರಿಗೆ ನೀರು. ಗಾಣಗಾಪುರದಲ್ಲಿ ಕೇಳುವ ಮಾತೇ ಇಲ್ಲ. ದತ್ತ ಮಹಾರಾಜರು ದಿನವೂ ಮಧ್ಯಾಹ್ನ ಯಾವುದೋ ವೇಷದಲ್ಲಿ ಈ ಊರಿನ ಮನೆಗಳಿಗೆ ಭಿಕ್ಷೆಗೆ ಬರುತ್ತಾರೆಂದು ನಂಬಿಕೆ. ಹೊತ್ತು ನೆತ್ತಿಗೆ ಬಂತೆಂದರೆ ಪುಣೆ, ಸೊಲ್ಲಾಪುರಗಳ ಸಾಹುಕಾರರೂ ಕಾರು ಬಿಟ್ಟಿಳಿದು, ಜೋಳಿಗೆ ಹಿಡಿದು, ಐದು ಮನೆ ಬೇಡುತ್ತಾರೆ. ಬಂದವನು ಭಕ್ತನೋ, ಕುಡುಕನೋ, ದೇವರೋ ಎಂದು ವಿಚಾರಿಸುವ ಹಾಗಿಲ್ಲ.

ಈ ನೇಮಕ್ಕೆ ಅನುರಾಧಾಳ ಅತ್ತೆ ತುಳಜಾಬಾಯಿ ತನ್ನದೂ ಒಂದು ಕಟ್ಟಳೆ ಸೇರಿಸಿದ್ದಳು. ಆಕೆ ಆಳಂದದಾಚೆಯ ಖಜೂರಿಯವಳು. ಮಾತಿನಲ್ಲಿ ಅರ್ಧ ಮರಾಠಿ, ನಡತೆಯಲ್ಲಿ ಪೂರ್ತಿ ಪಾಳೆಗಾರಿಕೆ. ಮನೆಗೆ ಬಂದ ಸೊಸೆಗೆ ಆಕೆ ಮೊದಲು ಕಲಿಸಿದ್ದು ಅಡುಗೆಯಲ್ಲ.

“ನೀಡುವಾಗ ಕಾಲು ನೋಡಬೇಕು, ಮಾರಿ ನೋಡಬಾರದು,” ಅಂದಿದ್ದಳು. “ಮಾರಿ ನೋಡಿದಿ ಅಂದ್ರ ಇಂವ ಛಲೋ, ಇಂವ ಲಫಂಗ ಅಂತ ಅನಸ್ತೈತಿ. ಆಮ್ಯಾಲ ಕೈ ತಾನಾ ಹಿಂದ ಸರೀತೈತಿ. ಕಾಲಿಗೆ ನೀಡು. ಕಾಲು ಎಲ್ಲಾರ್ದೂ ದೇವರದಾ.”

ಮುಖ ನೋಡದೆ ನೀಡಬೇಕೆಂಬ ಮಾತಿನಲ್ಲಿ ತೂಕವಿತ್ತು, ಇಲ್ಲವೆನ್ನಲಾಗದು. ಅನುರಾಧಾ ಅದನ್ನು ಒಪ್ಪಿಕೊಂಡೇ ಪಾಲಿಸಿದಳು. ತಲೆಯ ಮೇಲೆ ಸೆರಗು ಹೊದ್ದು, ತಲೆ ತಗ್ಗಿಸಿ, ರೊಟ್ಟಿಯ ಮೇಲೆ ಪಲ್ಯ ಇಟ್ಟು ನೀಡುತ್ತಿದ್ದಳು. ಬರಬರುತ್ತ ಕಾಲು ನೋಡಿಯೇ ಜನರನ್ನು ಅಳೆಯುವ ಚಟವೂ ಅಂಟಿಕೊಂಡಿತು. ಪೇಟೆಯವರ ಕಾಲು ಮೆತ್ತಗೆ, ಕೆಂಪಗೆ. ಬರಿಗಾಲಲ್ಲಿ ನಡೆಯುವುದೇ ಅವಕ್ಕೆ ದೊಡ್ಡ ತಪಸ್ಸು. ಅಂಗಡಿ ಮುಚ್ಚಿ ಊಟಕ್ಕೆ ಬಂದ ಗಂಡ ಶಾಂತಕುಮಾರನಿಗೆ ಅವುಗಳ ವರ್ಣನೆ ಮಾಡಿ ನಗಿಸುತ್ತಿದ್ದಳು.

ಇದನ್ನೆಲ್ಲ ಕಂಡರೆ ಆಗದವನು ಅವಳ ಅಪ್ಪ ಖಂಡಪ್ಪ. “ಆ ದಂಡಿಯವರು ಕೈ ಚಾಚಿ ಉಣ್ತಾರ, ನಾವು ಕೈ ಕೆಸರ ಮಾಡ್ಕೊಂಡು ಉಣ್ತೀವಿ,” ಎಂದು ಕೊಳಕೂರಿನ ಕಟ್ಟೆಯ ಮೇಲೆ ಕೂತು ಸಾರುತ್ತಿದ್ದ. ಮತ್ತೆ ಮಗಳನ್ನು ಅಲ್ಲಿಗೇ ಯಾಕೆ ಕೊಟ್ಟೆಯಪ್ಪಾ ಎಂದು ಯಾರಾದರೂ ಕೆಣಕಿದರೆ, “ಹುಡುಗನ ಮಾರಿ ನೋಡಿ ಕೊಟ್ಟೆ, ಊರು ನೋಡಿ ಅಲ್ಲ,” ಅನ್ನುತ್ತಿದ್ದ. ಮಗಳ ಮನೆಗೆ ಬಂದರೂ ಹೊರಗಿನ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಮಗಳ ಮುಖ ಕಣ್ತುಂಬ ನೋಡಿ ಬಸ್ಸು ಹತ್ತುವವನು. ಆ ಮನೆಯ ಅನ್ನ ಮುಟ್ಟಿದವನಲ್ಲ. ತುಳಜಾಬಾಯಿಗೆ ಅದು ಅವಮಾನ. ಒಂದು ಸಲ ಆಕೆ ಅದನ್ನು ಬಾಯಿಬಿಟ್ಟು ಅಂದಳು, ಇವನೂ ತಿರುಗಿಸಿ ಅಂದ, ಆಮೇಲೆ ಅವನು ಹೊಳೆ ದಾಟುವುದನ್ನೇ ಬಿಟ್ಟ. ಮಗಳನ್ನು ನೋಡಬೇಕೆನಿಸಿದರೆ ಫೋನು ಹಚ್ಚಿ, “ಆರಾಮ ಅದಿಯಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ಇಟ್ಟುಬಿಡುತ್ತಿದ್ದ.

ಈಚೆಗೆ ಫೋನೂ ನಿಂತಿತ್ತು. ಅಪ್ಪನ ನೆನಪು ಕೈಕೊಡತೊಡಗಿತ್ತು. ತಮ್ಮ ಕಲ್ಯಾಣಕುಮಾರ ಆಗೀಗ ಹೇಳುತ್ತಿದ್ದ. ಅಪ್ಪ ಹೊಲದ ದಾರಿ ತಪ್ಪಿದ, ಎತ್ತಿನ ಹೆಸರು ಮರೆತ, ಸೊಸೆಯನ್ನು ‘ಅನು’ ಎಂದು ಕೂಗಿದ. ಆ ಕೊನೆಯ ಸುದ್ದಿ ಕೇಳಿದ ದಿನ ಅನುರಾಧಾ ಹೋಗಿ ಬರಬೇಕೆಂದು ಚೀಲ ಕೂಡ ತೆಗೆದಿಟ್ಟಳು. ಅಷ್ಟರಲ್ಲಿ ಜಾತ್ರೆಯಂತೆ ಯಾತ್ರಿಕರು ನೆರೆಯುವ ದಿನಗಳು ಬಂದವು, ಗಂಡನ ತೆಂಗಿನಕಾಯಿ ಅಂಗಡಿಯಲ್ಲಿ ಕೈ ಸಾಲದಾಯಿತು, ಚೀಲ ಮತ್ತೆ ಅಟ್ಟ ಸೇರಿತು. ಹೋಗದೆ ಉಳಿದದ್ದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ, ಅದೇ ಅವಳಿಗೆ ಚುಚ್ಚುತ್ತಿತ್ತು.

ಅವತ್ತು ಗುರುವಾರ. ದತ್ತನ ವಾರವಾದ್ದರಿಂದ ಓಣಿಯ ತುಂಬ ಜನ. ಬಾಗಿಲಲ್ಲಿ ‘ಓಂ ಭವತಿ ಭಿಕ್ಷಾಂ ದೇಹಿ’ ಎಂಬ ಕೂಗು ಬಿಟ್ಟೂಬಿಡದೆ ಕೇಳುತ್ತಿತ್ತು. ಅನುರಾಧಾ ತಲೆ ಎತ್ತದೆ ನೀಡುತ್ತ ಹೋದಳು. ಮೆತ್ತನೆಯ ಕಾಲುಗಳು ಬಂದವು, ಗೆಜ್ಜೆಯ ಕಾಲುಗಳು ಬಂದವು. ಎಲ್ಲರ ಹಿಂದೆ ಒಂದು ಜೊತೆ ಬೇರೆ ಥರದ ಕಾಲು ಬಂದು ನಿಂತಿತು. ಅಗಲಕ್ಕೆ ಹರಡಿದ ಬೆರಳು, ಬಿರಿದ ಹಿಮ್ಮಡಿ, ಬಿರುಕುಗಳಲ್ಲಿ ಎಷ್ಟು ತೊಳೆದರೂ ಹೋಗದ ಎರೆಮಣ್ಣು. ಬಲಗಾಲ ಹೆಬ್ಬೆರಳಿಗೆ ಒಂದು ಅರಿವೆ ಸುತ್ತಿತ್ತು. ಬಾಯಲ್ಲಿ ಕೂಗಿಲ್ಲ, ಕೈಯಲ್ಲಿ ಜೋಳಿಗೆಯಿಲ್ಲ. ಹೆಗಲ ಟುವಾಲಿನ ಅಂಚು ಮಾತ್ರ ಮುಂದೆ ಬಂದಿತ್ತು. ಹೊಲದಲ್ಲಿ ನಡೆದ ಕಾಲು ಎಂದು ಅವಳಿಗೆ ಒಂಥರಾ ಖುಷಿಯಾಯಿತು. ರೊಟ್ಟಿ ಇಟ್ಟಳು. ಕಾಲು ಕದಲಲಿಲ್ಲ. ಹಸಿವು ಹೆಚ್ಚಿರಬೇಕೆಂದು ಇನ್ನೊಂದು ರೊಟ್ಟಿ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ ಇಟ್ಟಳು. ಆಗಲೂ ಕಾಲು ಅಲ್ಲೇ ನಿಂತಿತ್ತು.

“ನೀಡಿದ ಮ್ಯಾಲ ನಿಂದ್ರಬಾರದು, ಒಳಗ ಬಾ,” ಎಂದು ಒಳಗಿನಿಂದ ತುಳಜಾಬಾಯಿ ಕರೆದಳು. ಅನುರಾಧಾ ಆ ಕಾಲುಗಳಿಗೆ ಕೈ ಮುಗಿದು ಬಾಗಿಲು ಮುಂದೆ ಮಾಡಿದಳು.

“ಇವತ್ತ ದೇವರು ಒಕ್ಕಲಿಗನ ಕಾಲು ಹಚ್ಕೊಂಡು ಬಂದಿದ್ದರಿ ಅತ್ತಿ,” ಎಂದು ನಗುತ್ತ ಹೇಳಿದಳು. “ಥೇಟ್ ನಮ್ಮೂರ ಕಾಲು.”

ಮರುದಿನ ಸಂಜೆ ಕಲ್ಯಾಣಕುಮಾರನ ಫೋನು ಬಂತು. “ಅಕ್ಕಾ, ಗಾಬರಿ ಆಗಬ್ಯಾಡ. ಅಪ್ಪ ನಿನ್ನಿ ಮುಂಜಾನಿಂದ ಕಾಣವಲ್ಲ.”

ಹೊಲ, ಹಳ್ಳ, ಬಾವಿ ಎಲ್ಲ ನೋಡಿಯಾಗಿತ್ತು. ಜೇವರ್ಗಿಯಲ್ಲಿ ಪೊಲೀಸರಿಗೆ ಹೇಳಿ, ಮೊಬೈಲಿನಲ್ಲಿ ಫೋಟೋ ಹರಿಬಿಟ್ಟಿದ್ದರು. “ನಿಮ್ಮ ಕಡೆ ಬರಂಗಿಲ್ಲ ಅಂತ ನಿನಗ ಹೇಳಿದ್ದಿಲ್ಲ. ಆದ್ರ ಈಗ ಒಬ್ಬ ಟಮಟಮ್ ಆಟೊದಾಂವ ಹೇಳಾಕತ್ತಾನ, ಗಾಣಗಾಪುರಕ್ಕ ಹೊಂಟ ಮಂದಿ ಕೂಡ ಹತ್ಯಾನ ಅಂತ. ಬಿಳಿ ಧೋತರ ಉಟ್ಟಾನ. ಬಲಗಾಲ ಬೆರಳಿಗೆ ಕುಡಗೋಲ ತಾಗಿತ್ತು, ಅರಿಬಿ ಕಟ್ಟಿದ್ದೆ.”

ಅನುರಾಧಾ ಮೊಬೈಲು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು. ಕೈಯಾರೆ ನೀಡಿದ್ದಳು, ಕೈಮುಗಿದಿದ್ದಳು, ಬಾಗಿಲು ಹಾಕಿಕೊಂಡಿದ್ದಳು. ಹೆತ್ತ ಅಪ್ಪ ಎರಡು ಮೊಳದಾಚೆ ನಿಂತಿದ್ದರೂ ಮುಖ ಎತ್ತಿರಲಿಲ್ಲ. ತಮ್ಮನಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. “ಬಾ, ನಾವೂ ಹುಡುಕ್ತೀವಿ,” ಎಂದಷ್ಟೇ ಅಂದಳು. ಗಂಡನಿಗೆ ಹೇಳಿದಳು. ಅವನು ಬೈಕು ತೆಗೆದು ನದಿಗಳ ಸಂಗಮದ ಕಡೆ ಓಡಿಸಿದ. ಅತ್ತೆಗೆ ಹೇಳಿದಾಗ ತುಳಜಾಬಾಯಿ ಜಪಮಣಿ ಕೆಳಗಿಟ್ಟು, “ನಿನಗ ಭಾಸ ಆಗಿರಬೇಕು. ಅಂಥಾ ಕಾಲು ಸಾವಿರ ಅದಾವ,” ಅಂದಳು. ಆದರೆ ಆ ರಾತ್ರಿ ಆಕೆಯೂ ಊಟ ಮಾಡಲಿಲ್ಲ.

ಬೆಳಗಾಗುತ್ತಲೇ ಅನುರಾಧಾ ಮೊಬೈಲಿನಲ್ಲಿ ಅಪ್ಪನ ಫೋಟೋ ಹಿಡಿದು ಓಣಿ ಓಣಿ ತಿರುಗಿದಳು. ಎಲ್ಲರೂ ಮರುಗಿದರು. ಯಾರೂ ನೋಡಿರಲಿಲ್ಲ. “ಬಂದಿದ್ರೂ ಬಂದಿರಬೇಕ್ರಿ, ನಾವು ಮಾರಿ ನೋಡಿ ನೀಡಂಗಿಲ್ಲಲ್ರಿ,” ಎಂದಳು ಪಕ್ಕದ ಮನೆಯವಳು, ಒಳ್ಳೆಯ ಮಾತು ಹೇಳುವವಳಂತೆ. ಅವಳೂ, ಓಣಿಯ ಉಳಿದ ಹೆಂಗಸರೂ ಆ ಕಟ್ಟಳೆಯನ್ನು ತುಳಜಾಬಾಯಿಯಿಂದಲೇ ಕಲಿತವರು. ಲಾಡ್ಜಿನ ಮಾಲೀಕ ದಿನಕ್ಕೆ ನೂರು ಮುದುಕರು ಬರುತ್ತಾರೆಂದ. ಅನುರಾಧಾಳಿಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ತವರಿನಲ್ಲಾಗಿದ್ದರೆ, ಬೇರೆ ಊರಿನ ಒಬ್ಬ ಮುದುಕ ದಾರಿ ತಪ್ಪಿ ನಿಂತನೆಂದರೆ ಕಟ್ಟೆಯವರು ಅವನ ಮುತ್ತಜ್ಜನ ಹೆಸರು ಕೇಳಿ, ಬೈದು, ಬಸ್ಸು ಹತ್ತಿಸಿ, ಮನೆಗೆ ಫೋನು ಹಚ್ಚುತ್ತಿದ್ದರು. ಒಂದು ಹೊತ್ತು ಉಪವಾಸ ಕೆಡವಿದ್ದರೂ ಕೆಡವಿಯಾರು, ಕಳೆದುಹೋಗಲು ಬಿಡುತ್ತಿರಲಿಲ್ಲ. ಇಲ್ಲಿ ಒಬ್ಬ ಮನುಷ್ಯ ಸಾಯುವತನಕ ಹೊಟ್ಟೆ ತುಂಬ ಉಂಡುಕೊಂಡು ಕಳೆದುಹೋಗಿರಬಹುದು. ಇಷ್ಟು ವರ್ಷ ಎರಡೂ ದಂಡೆಯ ಪರವಾಗಿ ವಾದ ಹೂಡಿದವಳು ಅವಳೇ. ಅಲ್ಲಿ ಹೋದರೆ ಇಲ್ಲಿಯವರ ದೊಡ್ಡ ಮನಸ್ಸು ಹೊಗಳುವಳು, ಇಲ್ಲಿ ಅಲ್ಲಿಯವರ ಸ್ವಾಭಿಮಾನ. ಆ ಬೆಳಿಗ್ಗೆ ಅವಳಿಗೆ ಎರಡರ ಮೇಲೂ ಹೇಸಿಕೆ ಬಂತು.

ದತ್ತನ ಮಠದ ಹತ್ತಿರ ಗುರುಬಾಯಿ ಸಿಕ್ಕಳು. ಎಷ್ಟೋ ವರ್ಷದಿಂದ ಮಧ್ಯಾಹ್ನದ ಭಿಕ್ಷೆಯಲ್ಲೇ ಬದುಕುತ್ತಿರುವ ಮುದುಕಿ. ಅನುರಾಧಾ ಆಕೆಯ ಕಾಲಿನ ಬೆಳ್ಳಿ ಕಡಗವನ್ನು ದಿನವೂ ನೋಡಿದ್ದಳು. ಮುಖ ನೋಡಿದ್ದು ಇವತ್ತೇ. ಸುಕ್ಕುಗಟ್ಟಿದ, ಚುರುಕು ಕಣ್ಣಿನ, ಸ್ವಲ್ಪ ಕುಚೋದ್ಯದ ಮುಖ. ಗುರುಬಾಯಿ ಫೋಟೋವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿದಳು.

“ಇಂವ ನಮ್ಮ ಸಾಲಿನ್ಯಾಗ ಅದಾನ,” ಅಂದಳು. “ಕೊಡಾವರು ಕಾಲು ನೋಡ್ತೀರಿ. ಬೇಡಾವರು ನಾವು ಒಬ್ಬರದೊಬ್ಬರು ಮಾರಿನಾ ನೋಡ್ತೀವಿ ಬೇ. ಯಾರು ಎರಡು ಸಲ ಬಂದ್ರು, ಯಾರು ಹೊಸಬರು, ಗೊತ್ತಿರಬೇಕಲ್ಲ?”

“ಎಲ್ಲಿ ಅದಾನ ಆಯಿ? ಉಂಡಾನ?”

“ಎಲ್ಲೆಲ್ಲೋ ಅಡ್ಡಾಡ್ತಾನ. ಮಧ್ಯಾಹ್ನ ಮನಿ ಮನಿ ಮುಂದ ನಿಂದ್ರತಾನ. ಕೊಟ್ಟದ್ದು ತಿನ್ನಂಗಿಲ್ಲ, ಟುವಾಲಿನ್ಯಾಗ ಕಟ್ಕೋತಾನ. ನಮ್ಮ ಕೂಡ ಕೂಡು ಅಂದ್ರ ಬೈತಾನ. ನಿನ್ನಿ ನಾನಾ ಒಂದು ಚಹಾ ಕುಡಿಸೇನಿ.” ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನನ್ನ ಕೂಡ ಸಾಲಿನ್ಯಾಗ ಬಾ, ಸಿಗ್ತಾನ. ಬರಿಗೈಲೆ ಬಂದ್ರ ಮಂದಿ ಜಗಳಾ ತೆಗೀತಾರ, ನಡುವ ಹೊಕ್ಕಳು ಅಂತ. ಈ ಜೋಳಿಗಿ ಹಿಡಿ.”

ಖಂಡಪ್ಪನ ಮಗಳು ಜೋಳಿಗೆ ಹಿಡಿಯುವುದೆಂದರೆ! ಬೇರೆ ದಿನವಾದರೆ ಅವಳು ಭೂಮಿಗಿಳಿದುಹೋಗುತ್ತಿದ್ದಳು. ಅವತ್ತು ನಾಚಿಕೆಗೆ ತ್ರಾಣವೇ ಇರಲಿಲ್ಲ. ಸೆರಗು ಹಣೆಯ ಮೇಲೆಳೆದುಕೊಂಡು ಸಾಲಿಗೆ ಸೇರಿದಳು. ಒಂದೊಂದು ಮನೆಯ ಮುಂದೆಯೂ ಕತ್ತು ಚಾಚಿ ಹಿಂದೆ ಮುಂದೆ ನೋಡಿದಳು. ಬಾಗಿಲುಗಳಲ್ಲಿ ಬಗ್ಗಿದ ತಲೆಗಳೇ. ಎಲ್ಲ ಗುರುತಿನವರು. ಅರಿಶಿನ ಕುಂಕುಮಕ್ಕೆ ಕರೆದವರು, ಓಣಿಯ ಕೂಸುಗಳಿಗೆ ಹೆಸರಿಡುವಾಗ ಜೊತೆಗೂಡಿ ಜೋಗುಳ ಹಾಡಿದವರು. “ನನ್ನ ಅಪ್ಪ ಕಳದಾನ್ರಿ,” ಎಂದು ಒಬ್ಬಳ ಮುಂದೆ ಅಂದೇ ಬಿಟ್ಟಳು. ಆ ಹೆಂಗಸು ಇವಳ ಕಾಲಿನ ಕಡೆಗೇ ನೋಡುತ್ತ, ಜೋಳಿಗೆಗೆ ಅನ್ನ ಸುರಿದು, ಕೈ ಮುಗಿದು ಒಳಗೆ ಹೋದಳು. ಬಾಗಿಲು ಮುಚ್ಚಿದ ಸದ್ದು ಹೇಗೆ ಕೇಳಿಸುತ್ತದೆಂದು ಅನುರಾಧಾಳಿಗೆ ಆಗ ತಿಳಿಯಿತು. ಅವಳ ಕಣ್ಣಲ್ಲಿ ದಳದಳ ನೀರು ಬಂತು.

ಸಾಲು ಅವಳ ಮನೆಯ ಮುಂದೆಯೇ ಬಂದು ನಿಂತಿತು. ಸೊಸೆಯಿಲ್ಲವೆಂದು ತುಳಜಾಬಾಯಿಯೇ ಬುಟ್ಟಿ ಹಿಡಿದು ನಿಂತಿದ್ದಳು. ಗುರುಬಾಯಿಗೆ ನೀಡಿದಳು. ಮುಂದಿನ ಜೋಳಿಗೆಗೂ ಒಂದು ರೊಟ್ಟಿ ಇಟ್ಟಳು. ತಲೆ ಎತ್ತಲಿಲ್ಲ. ಅದೇ ಮನೆಯಲ್ಲಿ ಇಷ್ಟು ಕಾಲ ದಿನ ಬೆಳಗಾದರೆ ನೋಡುತ್ತಿದ್ದ ಕಾಲು ಕೂಡ ಆಕೆಗೆ ಗುರುತಾಗಲಿಲ್ಲ.

“ಅತ್ತಿ,” ಎಂದಳು ಅನುರಾಧಾ.

ತುಳಜಾಬಾಯಿ ಥಟ್ಟನೆ ತಲೆ ಎತ್ತಿದಳು. ಸೊಸೆಯ ಮುಖ, ಕೈಯಲ್ಲಿ ಜೋಳಿಗೆ, ಅದರೊಳಗೆ ತಾನೇ ಇಟ್ಟ ರೊಟ್ಟಿ. ಕೈಯಲ್ಲಿದ್ದ ಬುಟ್ಟಿ ವಾಲಿತು. ಬಯ್ಯುತ್ತಾಳೆಂದುಕೊಂಡಿದ್ದಳು ಅನುರಾಧಾ. ಅತ್ತೆ ಬಯ್ಯಲಿಲ್ಲ. ಸಾಲಿನಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಹುಶಃ ಈ ಊರಿಗೆ ಬಂದ ಮೇಲೆ ಮೊದಲ ಸಲ.

“ಇಷ್ಟು ದಿನದಾಗ ನಾ ಯಾರ್ ಯಾರಿಗೆ ಹಿಂಗ ನೀಡಿ ಕಳಿಸೇನೋ,” ಅಂದಳು. ದನಿ ಎಂದಿನದಲ್ಲ. “ಹೋಗು. ಹುಡುಕು. ನಾ ಇಲ್ಲೇ ನಿಂತು ನೋಡ್ತೇನಿ.”

ಖಂಡಪ್ಪ ಸಿಕ್ಕಿದ್ದು ಬಸ್‌ ಸ್ಟ್ಯಾಂಡಿನ ಹಿಂದಿನ ಬೇವಿನ ಕಟ್ಟೆಯ ಮೇಲೆ. ಗುರುಬಾಯಿ ದೂರದಿಂದಲೇ ಬೆರಳು ಮಾಡಿ ತೋರಿಸಿ ಹಿಂದೆ ನಿಂತಳು. ಧೋತರ ಮಾಸಿತ್ತು, ಕೆನ್ನೆಗಳು ಒಳಗೆ ಹೋಗಿದ್ದವು. ಮಡಿಲಲ್ಲಿ ಟುವಾಲಿನ ಗಂಟು. ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

“ಅಪ್ಪಾ,” ಎಂದು ಅನುರಾಧಾ ಓಡಿಹೋಗಿ ಅವನ ಮುಂದೆ ಕೂತಳು.

ಅವನು ಅವಳನ್ನು ನೆಟ್ಟ ನೋಟದಲ್ಲಿ ನೋಡಿದ. ಕೊಳಕೂರಿನ ಕಟ್ಟೆಯ ಮೇಲಿಂದ ಹೊಸಬರನ್ನು ನೋಡುವ ಹಾಗೆ.

“ಯಾರವ್ವಾ ನೀ? ಯಾವೂರಾಕಿ?”

“ಕೊಳಕೂರಾಕಿ, ಅಪ್ಪಾ.”

“ಹೌದಾ? ಯಾರ ಪೈಕಿ?”

“ಖಂಡಪ್ಪನ ಮಗಳು.”

ಅವನ ಕಣ್ಣು ಅವಳ ಜೋಳಿಗೆಯ ಮೇಲೆ ಬಿತ್ತು, ಮುಖ ಗಡಸಾಯಿತು. “ಸುಳ್ಳ ಹೇಳಬ್ಯಾಡ. ಖಂಡಪ್ಪನ ಮಗಳು ಬೇಡಾಕಿ ಅಲ್ಲ.”

ಅನುರಾಧಾ ಜೋಳಿಗೆಯನ್ನು ಕಟ್ಟೆಯ ಹಿಂದಕ್ಕೆ ಸರಿಸಿದಳು. ತಾನು ಯಾರೆಂದು ವಾದಿಸುವ ಧೈರ್ಯ ಅವಳಿಗೆ ಆಗಲಿಲ್ಲ. “ಏನರ ಉಣ್ಣು ಅಪ್ಪಾ. ಗಂಟಿನ್ಯಾಗ ರೊಟ್ಟಿ ಅದಾವಲ್ಲ,” ಎಂದಳು.

“ಮಂದಿ ನೀಡಿದ್ದು ನಾ ಉಣ್ಣಂಗಿಲ್ಲ,” ಎಂದ ಖಂಡಪ್ಪ ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಆಮೇಲೆ ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ ಹೇಳಿದ. “ಇದು ಮಗಳಿಗೆ. ಹೊರಡೂ ಗಡಿಬಿಡಿಯಾಗ ಬರಿಗೈಲೆ ಬಂದೆ. ಮಗಳ ಮನಿಗೆ ಬರಿಗೈಲೆ ಹೋಗಬಾರದು ನೋಡವ್ವಾ. ಈಗ ಇಷ್ಟು ಆಗ್ಯಾವ. ಮನಿನಾ ಸಿಗವಲ್ದು.”

ರೊಟ್ಟಿಗಳು ಒಣಗಿ ಚೂರಾಗಿದ್ದವು, ಅನ್ನ ಹಳಸಿ ವಾಸನೆ ಬರುತ್ತಿತ್ತು. ಒಬ್ಬರ ಮುಂದೆಯೂ ಕೈ ಚಾಚದವನು ಅವಳಿಗಾಗಿ ಮನೆ ಮನೆಯ ಮುಂದೆ ನಿಂತಿದ್ದ. ಅನುರಾಧಾ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇವಳ್ಯಾಕೆ ಅಳುತ್ತಾಳೆಂದು ಅವನಿಗೆ ತಿಳಿಯಲಿಲ್ಲ. ಆದರೂ ಪಾಪ ಅನ್ನಿಸಿರಬೇಕು, ತಲೆಯ ಮೇಲೆ ಕೈಯಿಟ್ಟ. ಆ ಕೈಯ ಭಾರವೇನೋ ಹಳೆಯದೇ ಆಗಿತ್ತು.

“ಬಾ ಅಪ್ಪಾ,” ಎಂದಳು ಕಣ್ಣೊರೆಸಿಕೊಂಡು. “ಮಗಳ ಮನಿ ನನಗ ಗೊತ್ತೈತಿ. ನಾ ತೋರಸ್ತೇನಿ.”

ಅವನು ತಕ್ಷಣ ಎದ್ದ. ದಾರಿಯುದ್ದಕ್ಕೂ ಮಗಳ ವಿಷಯವೇ. ಅವಳಿಗೆ ಹಸಿಶೇಂಗಾ ಎಂದರೆ ಜೀವ, ಸಣ್ಣಾಕಿ ಇದ್ದಾಗ ಎತ್ತು ಹೂಡಿ ಗಳೆ ಹೊಡೆಯುವಾಗ ಹಿಂದಿಂದೆ ಬರುತ್ತಿದ್ದಳು, ಅತ್ತೆ ಸ್ವಲ್ಪ ಬಿರುಸು ಆದರೆ ಮನಸ್ಸು ಕೆಟ್ಟದ್ದಲ್ಲ. ಅನುರಾಧಾ ಹೂಂಗುಟ್ಟುತ್ತ ಅವನ ಮೊಣಕೈ ಹಿಡಿದು ನಡೆದಳು. ಮನೆಯೊಳಗೆ ಕರೆದುಕೊಂಡು ಹೋಗಿ, ಬಿಸಿನೀರು ಕೊಟ್ಟು, ತನ್ನ ಅಡುಗೆಮನೆಯಲ್ಲಿ ಕೂರಿಸಿ ಬಿಸಿರೊಟ್ಟಿ ಬಡಿಸಿದರೆ ನೆನಪು ಬಂದೀತು ಎಂಬ ಆಸೆ ಅವಳಲ್ಲಿ ಮೂಡಿತು. ಶಾಂತಕುಮಾರನ ಜೊತೆ ಸಂಗಮದ ಕಡೆ ಹುಡುಕುತ್ತಿದ್ದ ಕಲ್ಯಾಣಕುಮಾರನಿಗೆ ನಡೆಯುತ್ತಲೇ ಫೋನು ಹಚ್ಚಿ, ಸಿಕ್ಕಿದ್ದಾನೆಂದು ಹೇಳಿದಳು. ಆ ಕಡೆಯಿಂದ ತಮ್ಮ ಅಳುವುದು ಕೇಳಿಸಿತು.

ಓಣಿಯ ತಿರುವಿನಲ್ಲೇ ತುಳಜಾಬಾಯಿ ಕಂಡಳು. ಹೊಸ್ತಿಲಿಳಿದು ಬೀದಿಗೆ ಬಂದು, ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟುಕೊಂಡು, ಹೋಗಿ ಬರುವವರ ಮುಖ ನೋಡುತ್ತ ನಿಂತಿದ್ದಳು. ಖಂಡಪ್ಪನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಬರ್ರಿ ಬೀಗರ, ಬರ್ರಿ. ನನ್ನಿಂದ ತಪ್ಪಾತು,” ಎಂದಳು. ಅವಳ ಬಾಯಲ್ಲಿ ಆ ಮಾತು ಯಾರೂ ಕೇಳಿದ್ದಿಲ್ಲ. “ಒಳಗ ಬರ್ರಿ, ಮಗಳ ಮನಿ ಇದು.”

ಖಂಡಪ್ಪ ಹೊಸ್ತಿಲ ತನಕ ಬಂದ. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಅವನ ಮೊಣಕೈ ಅನುರಾಧಾಳ ಕೈಯಿಂದ ಜಾರಿತು.

“ಇಲ್ಲಿ ನಾ ಬಂದಿದ್ದೆ,” ಎಂದ. “ಇದಲ್ಲ.”

“ಇದಾ ಅಪ್ಪಾ. ನಾನಾ ನಿನ್ನ ಅನು. ನನ್ನ ಮಾರಿ ನೋಡು.”

ಅವನು ನೋಡಿದ. ಸಾವಧಾನವಾಗಿ, ಕನಿಕರದಿಂದ ನೋಡಿದ, ತಿಳಿಯದವರಿಗೆ ತಿಳಿಸಿ ಹೇಳುವಂತೆ ತಲೆಯಾಡಿಸಿದ.

“ಛಲೋ ಮಂದಿ ಅದಾರವ್ವಾ ಇವರು. ಒಂದು ರೊಟ್ಟಿ ನೀಡಿದ್ರು. ನಿಂತೆ, ಇನ್ನೊಂದು ನೀಡಿದ್ರು. ಇನ್ನೂ ನಿಂತೆ, ಬಾಗಲಾ ಹಾಕಿದ್ರು.” ಗಂಟನ್ನು ಹೆಗಲಿಗೇರಿಸಿಕೊಂಡ. “ನನ್ನ ಮಗಳು ನನ್ನ ನೋಡಿ ಬಾಗಲಾ ಹಾಕಾಕಿ ಅಲ್ಲ. ನಡಿ, ಮುಂದಿನ ಮನಿ ನೋಡೋಣು.”

ತುಳಜಾಬಾಯಿ ಕಂಬ ಹಿಡಿದು ನಿಂತಳು. ಖಂಡಪ್ಪ ಪಕ್ಕದ ಮನೆಯ ಬಾಗಿಲ ಕಡೆ ನಡೆದ. ಅನುರಾಧಾ ಅವನ ಹಿಂದೆ ನಡೆದಳು.